ಹತ್ತನೇ ಬೋರ್ಡು ಯಜಮಾನಂದು

ಆಣೆ ಮಾಡಿ ಹೇಳ್ತೀನಿ ಕಣಣ್ಣ, ಇದು ನಡ್ದಿರೋದು. ನೋಡಿ, ಈ ಕುಂಚ ಇಪ್ಪತ್ತೆರಡು ವರ್ಸದಿಂದ ನಂಗೆ ಅನ್ನ ಹಾಕೈತೆ, ಇದ್ರ ಮೇಲೆ ಕೈಯಿಟ್ಟು ಹೇಳ್ತೀನಿ. ಒಂದೇ ಒಂದು ಮಾತು ಸುಳ್ಳಾಗಿದ್ರೆ ಈ ಡಬ್ಬದಾಗಿರೋ ಬಣ್ಣ ಇಲ್ಲೇ ಒಡ್ದು ಮೊಸರಾಗೋಗ್ಲಿ. ಆಯ್ತಾ? ಆಗ್ಲಿಲ್ಲ ತಾನೆ? ಮತ್ತೆ! ಕೂತ್ಕಳಿ. ಬೇಲೂರು ಬಸ್ಸು ಈಗ ತಾನೆ ಹೋಯ್ತು, ಮುಂದಿಂದು ಬರಾಕೆ ಇನ್ನೂ ಮುಕ್ಕಾಲು ಗಂಟೆ ಐತೆ. ಹಳೇಬೀಡಿಗೆ ಬಂದು ಗುಡಿ ನೋಡಿದ್ದಾಯ್ತು, ಎಳನೀರು ಕುಡ್ದಿದ್ದಾಯ್ತು. ಇನ್ನೇನು ಮಾಡ್ತೀರಿ, ನನ್ನ ಮುಖನಾದ್ರೂ ನೋಡಿ.

ನನ್ನೆಸ್ರು ಕೆಂಚಯ್ಯ. ಅರಸೀಕೆರೆ ಪೇಂಟ್ರು ಕೆಂಚಯ್ಯ ಅಂದ್ರೆ ಬಾಣಾವರದಿಂದ ಜಾವಗಲ್‌ಗಂಟ ಗೊತ್ತು. ಆ ದಾರಿಯಾಗೆ ನಿಮ್ಮ ಕಣ್ಣಿಗೆ ಬೀಳೋ ಬೋರ್ಡು, ಗೋಡೆ, ಲಾರಿ ಹಿಂಬದಿ ಎಲ್ಲಾ ಅರ್ಧಕ್ಕರ್ಧ ನನ್ನ ಕೈಯವೇ. ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಇಲ್ಲ. ಮೇಷ್ಟ್ರು ಕರೀಹಲಗೆ ಮೇಲೆ ಬರ್ದ ಅಕ್ಸರಕ್ಕೆ ಹೊಟ್ಟೆ ಸರಿಯಾಗಿ ಬಂದಿಲ್ಲ ಅಂತ ನಾನೇ ಎದ್ದೋಗಿ ತಿದ್ದಿಬಿಟ್ಟೆ. ಅವತ್ತು ಮನೆಗೆ ಕಳ್ಸಿದೋರು ಮತ್ತೆ ಕರೀಲೇ ಇಲ್ಲ.

ನಮ್ಮ ಕಸುಬಿನಾಗೆ ಒಂದು ಪದ್ಧತಿ ಐತೆ, ಅದ್ನ ಮೊದ್ಲು ಕೇಳ್ಕಳಿ, ಆಮೇಲೆ ಬೇಕಾಯ್ತದೆ. ಒಂದಂಗಡಿಗೆ ಎಷ್ಟೇ ಬೋರ್ಡು ಬರೀಲಿ, ಕೊನೇದ್ನ ನಾವು ಮುಟ್ಟಂಗಿಲ್ಲ. ಕರೀ ಬಣ್ಣ ಬಳ್ದು ಬಿಟ್ಟುಬಿಡ್ತೀವಿ. ಅಂಗಡಿ ಪೂಜೆ ದಿವ್ಸ ಯಜಮಾನ ಬಂದು ಕುಂಚ ಅದ್ದಿ ಮೊದ್ಲನೇ ಗೆರೆ ಎಳೀಬೇಕು, ಆಮೇಲೇ ನಾವು ಬರಿಯೋದು. ಕೊನೇದು ಯಜಮಾನನ ಪಾಲು. ನಮ್ಮಪ್ಪ ಹಂಗೇ ಮಾಡ್ತಿದ್ದ, ಅವರಪ್ಪನೂ ಹಂಗೇ. ಈಗ ನೀವು ನೋಡ್ಕಂಡು ಬಂದ್ರಲ್ಲ ಗುಡಿ, ಅದ್ರಾಗೆ ಅಲ್ಲಲ್ಲಿ ಕೆತ್ತದೇ ಬಿಟ್ಟಿರೋ ಕಲ್ಲು ಐತಲ್ಲ? ಗೈಡು ಏನೇನೋ ಹೇಳಿರ್ತಾನೆ. ನನ್ನ ಕೇಳಿ, ಅದು ಯಜಮಾನನ ಪಾಲು. ರಾಜ ಬತ್ತೀನಿ ಬತ್ತೀನಿ ಅಂದೋನು ಬರ್ಲೇ ಇಲ್ಲ, ಅಷ್ಟೆಯ.

ಸರಿ. ಎರಡು ಸಾವ್ರದ ಎರಡನೇ ಇಸ್ವಿ. ನಮ್ಮೂರ ಕೇಬಲ್‌ನೋರು ಟೀವಿಯಾಗೆ ಅಂಗಡಿ ಹೆಸ್ರು ತೋರ್ಸಾಕೆ ಸುರು ಮಾಡಿದ್ರು. ಸುಮ್ನೆ ಹೆಸ್ರಲ್ಲ ಅಣ್ಣ, ಬಣ್ಣ ಬದಲಾಯ್ಸೋ ಹೆಸ್ರು! ಈಗ ಕೆಂಪಗಿರ್ತದೆ, ರೆಪ್ಪೆ ಬಡಿಯೋದ್ರೊಳ್ಗೆ ನೀಲಿ. ಅದ್ನ ಮಾಡ್ತಿದ್ದೋನು ಚನ್ನೇಶ. ಚನ್ನೇಶ ಯಾರು ಅಂತೀರಾ? ಆರು ವರ್ಸ ನಂಗೆ ಏಣಿ ಹಿಡೀತಿದ್ದೋನು! ಮೀಸೆ ಬಂದ್ಮೇಲೂ ಹಿಡ್ದ, ಮದ್ವೆ ಆದ್ಮೇಲೂ ಹಿಡ್ದ. ಆಮೇಲೆ ಹಾಸನಕ್ಕೋಗಿ ಎರಡು ತಿಂಗ್ಳು ಕಂಪ್ಯೂಟ್ರು ಕಲ್ತು ಬಂದು ಅಂಗಡಿ ಇಟ್ಟ. ಕೂಲಿಂಗ್ ಗ್ಲಾಸು ಬೇರೆ ಹಾಕ್ಕಂತಿದ್ದ, ಮನೆ ಒಳ್ಗೂ.

ಆ ಯುಗಾದಿಗೆ ಜಯದೇವಪ್ಪನವರು ಹೊಸ ಕೊಬ್ಬರಿ ಮಂಡಿ ತೆರೀಬೇಕಿತ್ತು. ಅವ್ರ ಹಳೇ ಮಂಡಿ ಬೋರ್ಡೆಲ್ಲ ನಂದೇ. ಹೊಸ ಮಂಡಿಗೆ ರೈಲ್ವೆ ಹಳಿ ಕಡೆಗೆ ಎಪ್ಪತ್ತಡಿ ಗೋಡೆ ಐತೆ. ರೈಲಿನಾಗೆ ಹೋಗೋರೆಲ್ಲ ಓದ್ಕಂಡು ಹೋಗೋ ಗೋಡೆ! ಅದ್ರ ಮೇಲೆ ಬರೀಬೇಕು ಅಂತ ನಾನು ಕನಸು ಕಾಣ್ತಿದ್ದೆ. ಮಾತಾಡಾಣ ಅಂತ ಹೋದ್ರೆ ಚನ್ನೇಶ ಆಗ್ಲೇ ಅಲ್ಲಿ ಕುಂತವ್ನೆ.

"ಕೆಂಚಣ್ಣ, ಇನ್ನು ಗೋಡೆಗೂ ಹಾಸನದಿಂದ ಫ್ಲೆಕ್ಸು ಮಾಡಿಸ್ಕಂಡು ಬರದು. ನಿನ್ನ ಕುಂಚ ತಗಂಡೋಗಿ ಮನೇಲಿ ಒಬ್ಬಟ್ಟಿಗೆ ತುಪ್ಪ ಸವರ್ಕ" ಅಂದ.

"ನೀನು ಮಾಡೋದೇನ್ಲಾ? ನಿನ್ನ ಕಂಪ್ಯೂಟ್ರು ಮಾಡ್ತದೆ, ನೀನು ಪಕ್ಕದಾಗೆ ಕುಂತು ಕಡ್ಲೆಕಾಯಿ ತಿಂತೀಯ" ಅಂದೆ.

"ಹಂಗಾದ್ರೆ ನೀನೇ ಮಾಡು ನೋಡಾನ! ಒಂದಕ್ಸರ, ಒಂದೇ ಒಂದಕ್ಸರ ಬಣ್ಣ ಬದಲಾಯ್ಸು!"

"ಒಂದ್ಯಾಕ್ಲಾ, ಇಡೀ ಹೆಸ್ರೇ ಬದಲಾಯಿಸ್ತೀನಿ!"

ನನ್ನ ಬಾಯಿ ಅಣ್ಣ, ನನ್ನ ಕೇಳಿ ತೆರಿಯಾಕಿಲ್ಲ ಅದು. ಜಯದೇವಪ್ಪನವರು ನಗಾಡ್ಕಂಡು, "ಸರಿ ಕಣ್ರಯ್ಯ. ಇಬ್ರೂ ಮಾಡ್ಕಂಡು ಬನ್ನಿ. ಪೂಜೆ ದಿವ್ಸ ಟೀವಿಯಾಗೆ ಎರಡೂ ಹಾಕ್ಸಾಣ. ಯಾರ್ದು ನಮ್ಮವ್ವಂಗೆ ಹಿಡಿಸ್ತದೋ ಟೀವಿನೂ ಅವರ್ದೇ, ಗೋಡೆನೂ ಅವರ್ದೇ" ಅಂದ್ರು.

ಚನ್ನೇಶ ಎದ್ದು ನಿಂತ್ಕಂಡ. "ಇನ್ನೊಂದೈತೆ. ಸೋತೋನು ಗೆದ್ದೋನ್ಗೆ ಜೀವ್ನಪೂರ್ತಿ ಏಣಿ ಹಿಡೀಬೇಕು."

ಮಂಡಿಯಾಗಿದ್ದೋರೆಲ್ಲ ನನ್ನ ಕಡೆ ನೋಡಿದ್ರು. ಹೂಂ ಅಂದುಬಿಟ್ಟೆ.

ಮನೆಗೋಗಿ ಹೇಳಿದ್ರೆ ನಮ್ಮ ಗಿಡ್ಡಮ್ಮ, ನನ್ನ ಹೆಂಡ್ತಿ, ಮುದ್ದೆ ಕೋಲು ಹಿಡ್ಕಂಡೇ ಈಚೆ ಬಂದ್ಲು. "ಕಂಪ್ಯೂಟ್ರು ಯಾವ್ಕಡೆಯಿಂದ ಹತ್ತಿಸ್ತಾರೆ ಅಂತ ಗೊತ್ತೇನ್ರೀ ನಿಮ್ಗೆ? ಆ ಚನ್ನೇಶ ಕೂಲಿಂಗ್ ಗ್ಲಾಸು ಹಾಕ್ಕಂಡು ಮೇಲೆ ನಿಂತಿರ್ತಾನೆ, ನೀವು ಕೆಳ್ಗೆ ಏಣಿ ತಬ್ಕಂಡು ನಿಂತಿರ್ತೀರಿ. ನಾನು ಸಂತೆಗೆ ಯಾವ ದಾರೀಲಿ ಹೋಗ್ಲಿ?" ಆ ಮಾತು ನನ್ನೆದೆಗೆ ನೆಟ್ಟಂಗಾಯ್ತು. ಏಣಿ ಮೇಲಿಂದ ಊರು ನೋಡಿದೋನು ನಾನು. ಕೆಳ್ಗಿಂದ ಚನ್ನೇಶನ ಹಿಮ್ಮಡಿ ನೋಡ್ಕಂಡು ಬದುಕೋದಾ?

ಮಾರ್ನೇ ದಿವ್ಸ ಹೊತ್ತುಟ್ಟೋ ಮುಂಚೆ ಲತಾಮಣಿ ಕಂಪ್ಯೂಟ್ರು ಸೆಂಟ್ರು ಬಾಗ್ಲಾಗೆ ಕುಂತಿದ್ದೆ. ಬಸ್ ಸ್ಟ್ಯಾಂಡ್ ಹಿಂದೆ, ಹಿಟ್ಟಿನ ಗಿರಣಿ ಮೇಲಿನ ಮಹಡಿ ಅದು. ಲತಾಮಣಿ ಚಿಕ್ಕ ವಯಸ್ಸಿನ ಹುಡ್ಗಿ, ಆದ್ರೆ ಸಿಟ್ಟಲ್ಲಿ ನಮ್ಮ ಮೇಷ್ಟ್ರಿಗೆ ದೊಡ್ಡಕ್ಕ. ಅವಳ ಸೆಂಟ್ರು ಬೋರ್ಡು ನಾನೇ ಬರ್ದಿದ್ದು, ಅದ್ಕೇ ಇಲ್ಲ ಅನ್ನಾಕಾಗ್ಲಿಲ್ಲ.

"ಕೆಂಚಣ್ಣ, ಇದರಲ್ಲಿ ಮಾಯ ಏನಿಲ್ಲ" ಅಂದ್ಲು. "ಒಂದು ಸಲ ಹೆಸರು ಬರೀಬೇಕು. ಅದನ್ನೇ ಹತ್ತು ಕಾಪಿ ಮಾಡ್ಕೋಬೇಕು, ಗಾಜಿನ ಹಾಳೆ ಒಂದರ ಮೇಲೊಂದು ಇಟ್ಟ ಹಾಗೆ. ಒಂದೊಂದಕ್ಕೆ ಒಂದೊಂದು ಬಣ್ಣ. ಆಮೇಲೆ ಒಂದಾದ ಮೇಲೆ ಒಂದು ತೋರಿಸು ಅಂತ ಹೇಳಿದ್ರೆ ಅದೇ ತೋರಿಸ್ತಾ ಹೋಗುತ್ತೆ. ಹತ್ತು ಮುಗಿದ್ರೆ ಮತ್ತೆ ಒಂದರಿಂದ. ಕಣ್ಣಿಗೆ ಬಣ್ಣ ಬದಲಾದ ಹಾಗೆ ಕಾಣುತ್ತೆ, ಅಷ್ಟೆ."

"ಅಂದ್ರೆ ಹತ್ತು ಬೋರ್ಡು" ಅಂದೆ.

"ಹೂಂ, ಹತ್ತು ಬೋರ್ಡು ಅಂತಾನೇ ಇಟ್ಕೊಳ್ಳಿ."

ಅಷ್ಟೇ ನೋಡಿ, ನಂಗೆ ಧೈರ್ಯ ಬಂತು. ಹತ್ತು ಬೋರ್ಡು ಬರೆಯಾಕೆ ಬರಾಕಿಲ್ವಾ ನಂಗೆ? ಅವಳು ಅಕ್ಸರ ಒತ್ತಿ ತೋರ್ಸಿದ್ಲು, ನಂಗೆ ಹಿಡಿಸ್ಲಿಲ್ಲ. ಕಂಪ್ಯೂಟ್ರು ಅಕ್ಸರಗಳು ಹೊಟ್ಟೆಗಿಲ್ದೆ ನಿಂತಂಗಿದ್ವು. "ನಾನೇ ಕೈಯಾಗೆ ಬರೀತೀನಿ ಕಣವ್ವ" ಅಂದು ಆ ಮೌಸ್ ಅನ್ನೋದ್ನ ಹಿಡ್ಕಂಡೆ. ಅದೋ ಅಣ್ಣ, ಹುಣ್ಸೇಹಣ್ಣಿನ ಉಂಡೆಯಾಗೆ ಬರ್ದಂಗೆ! ಅದ್ರ ಮೇಲೆ ಕೆಳ್ಗಡೆ ಗಿರಣಿ ಸುರುವಾದ್ರೆ ಮೇಲೆ ನನ್ನ ಕೈ ಗಡಗಡ. ರಾಗಿ ಬೀಸಿದ್ರೆ ಸಣ್ಣ ನಡುಕ, ಜೋಳ ಬೀಸಿದ್ರೆ ದೊಡ್ಡ ನಡುಕ. ಜೋಳ ಬಂದ್ರೆ ಕೈ ಎತ್ಬಿಡ್ತಿದ್ದೆ. ಮೂರು ದಿವ್ಸಕ್ಕೆ "ಜಯದೇವಪ್ಪ ಕೊಬ್ಬರಿ ಮಂಡಿ" ಅಂತ ಕರೀ ಹಲಗೆ ಮೇಲೆ ಬರ್ದು ಮುಗ್ಸಿದೆ. ಏನು ಅಕ್ಸರ ಅಂತೀರಿ! ಒಂದೊಂದೂ ಉಂಡ ಮನೆ ಕೂಸಿನಂಗೆ.

ಬಣ್ಣ ತುಂಬಾಕೆ ಅದ್ರಾಗೆ ಒಂದು ಬಕೀಟು ಚಿತ್ರ ಐತೆ. ಅದ್ನ ಹಿಡ್ಕಂಡು ಅಕ್ಸರದೊಳ್ಗೆ ಒತ್ತಿದ್ರೆ ಸುರ್ ಅಂತ ಬಣ್ಣ ತುಂಬ್ಕಂತದೆ. ಮೊದ್ಲು ಒತ್ತಿದೆ ನೋಡಿ, ಇಡೀ ಪರದೆ ಹಸ್ರಾಗೋಯ್ತು! ನಾನು ಕಾಲೆತ್ತಿ ಕುರ್ಚಿ ಮೇಲಿಟ್ಕಂಡೆ, ಪಂಚೆಗೆ ಆಯ್ತದೆ ಅಂತ.

"ಗೆರೆ ಕೂಡಿಲ್ಲ ಕೆಂಚಣ್ಣ! ಎಲ್ಲೋ ಒಂದು ಕಡೆ ಸಂದಿ ಬಿಟ್ಟಿದೀರಿ, ಸೋರಿದೆ!" ಅಂತ ಲತಾಮಣಿ ನಕ್ಕಿದ್ದೇ ನಕ್ಕಿದ್ದು. ಹುಡುಕಿದ್ರೆ ಸಾಸ್ವೆ ಕಾಳಷ್ಟು ಸಂದಿ. ಮುಚ್ಚಿ ಮತ್ತೆ ತುಂಬ್ದೆ. ತುಂಬಿ ಎದ್ದು ಬಂದು ಹೊರ್ಗಡೆ ಬೀಡಿ ಹಚ್ಕಂಡೆ.

"ಏನಾಯ್ತು? ಮುಂದಿನ ಬಣ್ಣ ಹಾಕಿ!"

"ಒಣಗ್ಲಿ ತಡೀವ್ವ" ಅಂದೆ. ಅವಳು ಹಣೆ ಹಣೆ ಚಚ್ಕಂಡ್ಲು. ಅವಳಿಗೇನು ಗೊತ್ತು? ಹಸೀ ಬಣ್ಣದ ಮೇಲೆ ಇನ್ನೊಂದು ಬಳುದ್ರೆ ಒಡೀತದೆ. ಒಂದೊಂದು ಬೋರ್ಡಿಗೂ ಅರ್ಧ ಗಂಟೆ ಫ್ಯಾನು ತಿರುಗ್ಸಿ ಬಿಟ್ಟೆ. ಅದ್ಕೇ ನಂದು ಇವತ್ತಿಗೂ ಒಡ್ದಿಲ್ಲ.

ಆದ್ರೆ ಓಡ್ಸಿ ನೋಡಿದ್ರೆ ಸೊಗಸಿಲ್ಲ. ಕೆಂಪು, ಟಕ್, ನೀಲಿ, ಟಕ್, ಹಳ್ದಿ. ಯಾರೋ ಕೆನ್ನೆಗೆ ಹೊಡ್ದಂಗೆ. ಚನ್ನೇಶಂದೂ ಹಿಂಗೇ ಇರ್ತದೆ, ಹಿಂಗೇ ಇದ್ರೆ ನಾನ್ಯಾಕೆ ಗೆಲ್ತೀನಿ? ತಲೆ ಮೇಲೆ ಕೈ ಹೊತ್ಕಂಡು ಕಿಟಕಿ ಕಡೆ ನೋಡ್ತೀನಿ, ಹೊಂಗೆ ಕೊಂಬೆ ಮೇಲೆ ಒಂದು ಓತಿಕ್ಯಾತ!

ಈಗ ನಗಬ್ಯಾಡಿ. ಆ ಓತಿಕ್ಯಾತ ಪರದೆ ನೋಡ್ತೈತೆ. ಪರದೆ ಕೆಂಪಾದ್ರೆ ಅದೂ ಕೆಂಪಾಗಾಕೆ ಹೊಂಟೈತೆ, ಅಷ್ಟ್ರೊಳ್ಗೆ ಪರದೆ ನೀಲಿ. ಪಾಪ, ಕತ್ತು ಕುಣ್ಸಿ ಕುಣ್ಸಿ ತಿರ್ಗಾ ಸುರು ಮಾಡ್ತೈತೆ. ನಂಗೆ ಸಮಾಧಾನವಾಗ್ಲಿಲ್ಲ. "ಲತಾಮಣಿ, ಇದ್ನ ನಿಲ್ಸು" ಅಂದೆ. ನಿಲ್ಸಿದ್ಮೇಲೆ ಅದ್ರ ಪಾಡಿಗೆ ಅದು ಬಣ್ಣ ಬದಲಾಯ್ಸೋದ್ನ ನೋಡ್ದೆ. ಎಲೆ ಹಸ್ರು. ಅದ್ರಿಂದ ಗಿಳಿ ಹಸ್ರು. ಆಮೇಲೆ ನಿಂಬೆಹಣ್ಣು, ಆಮೇಲೆ ಅರಿಶಿಣ, ಕಿತ್ತಳೆ, ಕೆಂಪು, ಇಟ್ಟಿಗೆ, ನೇರಳೆ, ಆಮೇಲೆ ಕಾಡಿಗೆ ನೀಲಿ. ಎಲ್ಲೂ ಹಾರಾಕಿಲ್ಲ ಅದು! ಒಂದು ಬಣ್ಣದ ಕೈ ಹಿಡ್ಕಂಡು ಇನ್ನೊಂದಕ್ಕೆ ಹೋಗ್ತದೆ. ಒಂಬತ್ತು ಬಣ್ಣ, ಸರಿಯಾಗಿ ಎಣಿಸ್ಕಂಡೆ. ಅದೇ ಪ್ರಕಾರ ಒಂಬತ್ತು ಬೋರ್ಡೂ ತುಂಬ್ದೆ. ಓಡ್ಸಿದ್ರೆ, ಅಬ್ಬಬ್ಬಬ್ಬ, ಬೆಳಕು ಹರ್ದಂಗೆ ಬಣ್ಣ ಹರೀತೈತೆ! ಲತಾಮಣಿ ಬಾಯ್ಮೇಲೆ ಕೈ ಇಟ್ಕಂಡ್ಲು. ಓತಿಕ್ಯಾತಂಗೂ ಈಗ ಸಲೀಸು, ಪರದೆ ಜೊತೆಗೆ ಜೊತೆಗೇ ಬದಲಾಯ್ತು. ಎರಡು ಗಂಟೆ ಅಲ್ಲಾಡ್ಲಿಲ್ಲ. ಕೊನೀಗೆ ಇದ್ದ ಬಣ್ಣೆಲ್ಲ ಖರ್ಚಾಗಿ ಸುಣ್ಣ ಬಳ್ದಂಗೆ ಬೆಳ್ಳಗಾಗಿ ಇಳ್ದೋಯ್ತು. ಈಗ್ಲೂ ಗಿರಣಿ ಹಿಂದೆ ಐತೆ, ಬಿಳೀದು. ಬನ್ನಿ ತೋರಿಸ್ತೀನಿ. ಇವತ್ತು ಬ್ಯಾಡ, ಬಿಸ್ಲಿಗೆ ಆಚೆ ಬರಾಕಿಲ್ಲ.

ಪೂಜೆ ಹಿಂದಿನ ದಿವ್ಸ ಮಧ್ಯಾಹ್ನ. ಲತಾಮಣಿ ಬಾಣಾವರದಾಗೆ ಯಾರ್ದೋ ಸೀಮಂತ ಅಂತ ಹೊರ್ಟ್ಲು. "ಹತ್ತನೇದು ಒಂದು ಬಾಕಿ ಇದೆ, ತುಂಬಿ, ಹೇಳಿಕೊಟ್ಟ ಹಾಗೆ ಸಿಡಿಗೆ ಹಾಕ್ಕೊಂಡು ಹೋಗಿ. ಒಂದೊಂದು ಬೋರ್ಡು ಎಷ್ಟು ಹೊತ್ತು ನಿಲ್ಲಬೇಕು ಅಂತ ಕೆಳಗೆ ಹಾಕೋದು ಮರೀಬೇಡಿ" ಅಂದು ಹೋದ್ಲು.

ಹತ್ತನೇ ಬೋರ್ಡು! ನಾನ್ಯಾಕೆ ಮುಟ್ಲಿ? ಅದು ಯಜಮಾನನ ಪಾಲು! ಬರ್ದಿದ್ದ ಅಕ್ಸರಾನೂ ಅಳ್ಸಿ, ಕಪ್ಪಗೆ, ಅಚ್ಚುಕಟ್ಟಾಗಿ ಬಿಟ್ಟೆ. ಮಿಕ್ಕ ಒಂಬತ್ತಕ್ಕೆ ಅರ್ಧರ್ಧ ಸೆಕೆಂಡು ಕೊಟ್ಟೆ. ಜಯದೇವಪ್ಪನವರು ದೊಡ್ಡ ಮನುಷ್ಯ, ಗೆರೆ ಎಳ್ಯಾಕೆ ಆತುರ ಮಾಡಬಾರ್ದು ಅಂತ ಹತ್ತನೇದಕ್ಕೆ ಐದು ಸೆಕೆಂಡು ಕೊಟ್ಟೆ. ಕೈ ಮುಗ್ದು ಸಿಡಿ ಎತ್ಕಂಡೆ.

ಪೂಜೆ ದಿವ್ಸ ಹೊಸ ಮಂಡಿ ತುಂಬಾ ಜನ. ನಡೂಮಧ್ಯ ಮೇಜಿನ ಮೇಲೆ ದೊಡ್ಡ ಟೀವಿ, ಹೊಟ್ಟೆ ಇರೋ ಗಾಜಿನ ಟೀವಿ. ಅದ್ರೆದ್ರಿಗೆ ಕುರ್ಚಿಯಾಗೆ ಜಯದೇವಪ್ಪನವರ ಅವ್ವ ಗುರುಸಿದ್ದಮ್ಮನವರು, ಎಂಬತ್ತು ದಾಟಿದ ಜೀವ. ನಾನು ಇಸ್ತ್ರಿ ಅಂಗಿ ಹಾಕ್ಕಂಡು, ಒಂದು ಕೈಯಾಗೆ ಹೊಸ ಕುಂಚ, ಇನ್ನೊಂದು ಕೈಯಾಗೆ ಬಿಳೀ ಬಣ್ಣದ ಡಬ್ಬ ಹಿಡ್ಕಂಡು ನಿಂತಿದ್ದೆ. ಪೂಜೆ ಆದ್ಮೇಲೆ ಯಜಮಾನ್ರು ಟೀವಿ ಗಾಜಿನ ಮೇಲೆ ಗೆರೆ ಎಳೀಬೇಕಲ್ಲ?

ಕೇಬಲ್‌ನೋನಿಗೆ ತಾಳ್ಮೆ ಇಲ್ಲ. ಮಂಗಳಾರತಿಗೆ ಮುಂಚೇನೇ ಚನ್ನೇಶನದ್ದು ಹಾಕ್ಬಿಟ್ಟ. ಕೆಂಪು-ನೀಲಿ-ಕೆಂಪು-ನೀಲಿ-ಕೆಂಪು-ನೀಲಿ! ಜಾವಗಲ್‌ನಿಂದ ಬಂದಿದ್ದ ಒಂದು ಜೋಡಿ ಎತ್ತು ಬಾಗ್ಲಾಚೆಯಿಂದ ನೋಡಿ, ಒಂದು ಮುಂದಕ್ಕೆ ಒಂದು ಹಿಂದಕ್ಕೆ ಹೊಂಟು ಗಾಡಿ ತಿರುಗಾಕೆ ಸುರುವಾಯ್ತು. ಗುರುಸಿದ್ದಮ್ಮನವರು ಸೆರಗಿನಿಂದ ಕಣ್ಣು ಮುಚ್ಕಂಡ್ರು. "ಯಾವನ್ಲಾ ಅದು ಮೆಣಸಿನಕಾಯಿ ಪುಡಿ ಎರಚ್ತಿರೋನು? ತಗೀರ್ಲಾ!"

ಆಮೇಲೆ ನಂದು. ಹಸ್ರು ಹರೀತು, ಅರಿಶಿಣ ಹರೀತು, ಕೆಂಪು ಹರೀತು. ಅವ್ವಾರು ಕಣ್ಣಿಂದ ಸೆರಗು ತೆಗುದ್ರು. ನೇರಳೆ... ನೀಲಿ...

ಹೆಸ್ರೇ ಮಾಯ.

ಟೀವಿ ಕಪ್ಪಗೆ ನಿಂತ್ಕಂತು. ಒಂದು ಸೆಕೆಂಡು, ಎರಡು, ಮೂರು. ಶುಭ ದಿವ್ಸ ಅಣ್ಣ, ಯಜಮಾನನ ಹೆಸ್ರು ಅಳ್ಸೋಗೈತೆ! ಜನ ಹಾ ಅಂದ್ರು. ಯಜಮಾನನ ಪಾಲು ಅಂತ ಬಿಟ್ಟಿದ್ದು ಎಲ್ರಿಗೂ ಕಾಣ್ತದೆ ಅಂತ ಆವಾಗ ಹೊಳೀತು ನಂಗೆ. ಚನ್ನೇಶ ಕೂಲಿಂಗ್ ಗ್ಲಾಸು ತೆಗ್ದು ಪಂಚೆಯಾಗೆ ಒರುಸ್ಕಂಡು, "ಕೆಂಚಣ್ಣ, ಏಣಿ ಆಚೆ ಒರಗ್ಸಿದೀನಿ. ಹಿಡ್ಕ ಹೋಗು" ಅಂದ. ಜಯದೇವಪ್ಪನವರ ಮೂಗು ಕೆಂಪಾಗೈತೆ. "ಏನ್ಲಾ ಇದು ಕೆಂಚ? ಪೂಜೆ ದಿವ್ಸ ನನ್ನ ಹೆಸ್ರಿಗೆ ಮಸಿ ಬಳುದ್ಯಲ್ಲೋ!"

ಡಬ್ಬ, ಕುಂಚ ಎರಡೂ ಹಿಡ್ಕಂಡೇ ಬಾಗ್ಲು ಕಡೆ ಒಂದೆಜ್ಜೆ ಇಟ್ಟೆ.

ಅಷ್ಟ್ರಾಗೆ ಹೆಸ್ರು ಮತ್ತೆ ಬಂತು, ಒಂಬತ್ತೂ ಬಣ್ಣ ಹರ್ದು ಮತ್ತೆ ಕಪ್ಪಾಯ್ತು. ಗುರುಸಿದ್ದಮ್ಮನವರು ಕುರ್ಚಿಯಿಂದ ಮುಂದಕ್ಕೆ ಬಗ್ಗಿದ್ರು.

"ಅಯ್ಯೋ!" ಅಂದ್ರು. "ನಾನು!"

"ಏನವ್ವ?"

"ನಾನು ಕಣ್ಲಾ! ಟೀವಿಯಾಗೆ ನಾನು ಬಂದಿವ್ನಿ! ಮೂಗ್ತಿ ಕಾಣ್ತೈತೆ ನೋಡು!"

ನೋಡಿದ್ರೆ ಹೌದು! ಗಾಜು ಕಪ್ಪಗಾದೇಟ್ಗೆ ಬಾಗ್ಲು ಬೆಳಕಿಗೆ ಎದ್ರಿಗಿದ್ದೋರ ಮುಖ ಅದ್ರಾಗೆ ಅಚ್ಚೊತ್ತಿದಂಗೆ ಕಾಣ್ತೈತೆ. ಐದು ಸೆಕೆಂಡು ಪೂರ್ತಿ! ಆಮೇಲೆ ಅವ್ರ ಮುಖದ ಮೇಲೇ ಹಸ್ರು ಅಕ್ಸರ ಮೂಡ್ತಾವೆ. ಅವ್ವಾರು ಸೆರಗು ಸರಿ ಮಾಡ್ಕಂಡ್ರು, ಕುಂಕುಮ ತಿದ್ಕಂಡ್ರು, ಮುಂದಿನ ಕಪ್ಪಿಗೆ ಕಾದ್ರು. "ಜಯದೇವ, ಬಾರೋ ಪಕ್ಕಕ್ಕೆ. ನೀನೂ ಬತ್ತೀಯ!" ಜಯದೇವಪ್ಪನವರು ಬಗ್ಗುದ್ರು. ಬಂತು! ಹೆಸ್ರು ಹೋಗಿ ಹೆಸ್ರಿನ ಯಜಮಾನನೇ ಬಂದ!

ಆಗ ನನ್ನ ಬಾಯಿ ತಾನೇ ತೆರೀತು. "ಅದೇ ಅಲ್ವಾ ಬುದ್ಧಿ? ಹತ್ತನೇ ಬೋರ್ಡು ಯಜಮಾನಂದು. ನಮ್ಮಪ್ಪನ ಕಾಲ್ದಿಂದ ಹಂಗೇ" ಅಂದೆ. ಬಣ್ಣದ ಡಬ್ಬ ಮೆಲ್ಲಗೆ ಬೆನ್ನಿಂದಕ್ಕೆ ಮಾಡ್ಕಂಡೆ.

ಗುರುಸಿದ್ದಮ್ಮನವರು ಅಲ್ಲಿಂದ ಏಳ್ಲೇ ಇಲ್ಲ. ಹೋಳಿಗೆ ಊಟ ಟೀವಿ ಮುಂದ್ಕೇ ತರ್ಸಿದ್ರು. "ಗೋಡೆ ಕೆಂಚಂಗೇ ಕೊಡು. ನನ್ನನ್ನ ಟೀವಿಗೆ ಹಾಕ್ದೋನು ಅವ್ನೇ" ಅಂದ್ರು, ಮಾತು ಮುಗೀತು. ಆ ಸಾಯಂಕಾಲ ಅರಸೀಕೆರೆ ಮನೆ ಮನೆಯಾಗೂ ಜನ ತಲೆ ಬಾಚ್ಕಂಡು ಟೀವಿ ಮುಂದೆ ಕುಂತವ್ರೆ. ಐದು ಸೆಕೆಂಡಿಗೆ ಹಲ್ಲು ಕಿರಿಯೋದು, ಮತ್ತೆ ಬಣ್ಣ ಮುಗಿಯೋಗಂಟ ಕಾಯೋದು. ಒಲೆ ನೋಡೋರಿಲ್ದೆ ಊರಿಡೀ ಹಾಲು ಉಕ್ಕಿ ಬೀದಿಗೆ ಹರ್ದು, ಬೆಕ್ಕುಗಳು ಕಣಕಟ್ಟೆ ರಸ್ತೆಗಂಟ ಸಾಲು ನಿಂತಿದ್ವು. ಗಿಡ್ಡಮ್ಮ ಮದ್ವೆ ಸೀರೆ ಉಟ್ಕಂಡು ಕುಂತಿದ್ಲು. ನಾನು ಪಕ್ಕದಾಗೆ ಕುಂತ್ರೆ, "ಸರ್ಕಳ್ರೀ ಆ ಕಡೆಗೆ, ನಾನು ಪೂರ್ತಿ ಬರ್ಬೇಕು" ಅಂದ್ಲು. ನಂಗಷ್ಟೇ ಸಾಕಾಯ್ತು.

ಚನ್ನೇಶ ಮಾತಿಗೆ ತಪ್ಪಲಿಲ್ಲ, ಅದ್ನ ಮೆಚ್ಬೇಕು. ಎಪ್ಪತ್ತಡಿ ಗೋಡೆಗೂ ಏಣಿ ಹಿಡ್ದ. ಎರಡು ವರ್ಸ ಆಯ್ತು, ಈಗ್ಲೂ ಹಿಡೀತಾನೆ, ಕೂಲಿಂಗ್ ಗ್ಲಾಸು ಹಾಕ್ಕಂಡೇ. ನನ್ನ ಕುಂಚದಿಂದ ತೊಟ್ಟಿಕ್ಕಿದ್ರೆ ಕಣ್ಣಿಗೆ ಬೀಳ್ದಂಗೆ ಅದೂ ಒಂದು ಅನುಕೂಲ ಆಗೈತೆ. ಬೇಕಾದ್ರೆ ಅವ್ನನ್ನೇ ಕೇಳಿ.

ಆದ್ರೆ ಇವತ್ತು ಬಂದಿಲ್ಲ ಕಣಣ್ಣ ಅವ್ನು. ಮಾದಿಹಳ್ಳಿಯಾಗೆ ನಾದಿನಿ ಮಗೀಗೆ ಹೆಸ್ರಿಡೋದಂತೆ. ನಾನು ಬೆಳಗ್ಗೆಯಿಂದ ಈ ಲಾಡ್ಜಿನ ಬೋರ್ಡಿನ ಕೆಳ್ಗೆ ಕುಂತಿದೀನಿ, ಯಾರಾದ್ರೂ ಕೈ ಖಾಲಿ ಇರೋ ಒಳ್ಳೇ ಜನ ಸಿಗ್ತಾರಾ ಅಂತ. ನೀವು ಬಂದ್ರಿ. ಅಗೋ ಏಣಿ ಅಲ್ಲೈತೆ. ನನ್ನ ಮಾತು ನಂಬಿದ್ರೆ ಒಂದು ಕೈಯಾಗೆ ಹಿಡ್ಕಳಿ ಸಾಕು, ನಂಬದೇ ಇದ್ರೆ ಎರಡೂ ಕೈಯಾಗೆ ಬಿಗಿಯಾಗಿ ಹಿಡ್ಕಳಿ. ಬಸ್ಸಿನ ಚಿಂತೆ ಬ್ಯಾಡ, ಮೇಲಿಂದ ನಂಗೇ ಮೊದ್ಲು ಕಾಣ್ತದೆ. ಬೋರ್ಡು ಮುಗಿದೇಟ್ಗೆ ಹೇಳ್ತೀನಿ.